ಕ್ಲಾರೆನ್ಸ್ ಬೀನ್ ತೆಗೆದ ಚಿತ್ರ

ಡೆಲ್ಬರ್ಟ್ ಕ್ರಾಲ್ ಸತ್ತಾಗ ಸಿನಿಮಾ, ಟಿವಿ ನಿರ್ದೇಶಕರ ಸಂಘದವರು ಒಂದು ಸಭೆ ಮಾಡಿದರು. ಮುಂದಿನ ದೊಡ್ಡ ಸಭಾಂಗಣ ಹೆಸರಾದವರಿಗೆ. ಡೆಲ್‌ಗೆ ಸಿಕ್ಕಿದ್ದು ಹಿಂದುಗಡೆಯ ಕೋಣೆ. ಬಂದವರಲ್ಲಿ ಅರ್ಧ ಜನ ಸ್ಯಾಂಡ್‌ವಿಚ್ಚಿಗೆ ಬಂದಿದ್ದರು. ಮಿಕ್ಕವರು ತಾವಿನ್ನೂ ಬದುಕಿದ್ದೇವೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳಲು ಬಂದಿದ್ದರು.

ಹಿಂದೊಮ್ಮೆ ಟಿವಿಯಲ್ಲಿ ಕುದುರೆ ಹತ್ತಿ ಊರು ಕಾಯುವ ಶೆರಿಫ್ ಆಗಿದ್ದ ಮುದುಕ ನಟನೊಬ್ಬ ಎದ್ದು ಮಾತಾಡಿದ. ಕೂದಲಿಗೆ ಕಪ್ಪು ಬಳಿದಿದ್ದ, ಕಿವಿಗೂ ಸ್ವಲ್ಪ ಹತ್ತಿತ್ತು.

"ಡೆಲ್ ಯಾವತ್ತೂ ತಡ ಮಾಡ್ಲಿಲ್ಲ. ಹೇಳಿದ ದಿನಕ್ಕೆ ಮುಗಿಸಿ ಕೊಡ್ತಿದ್ದ" ಎಂದ. ಅಷ್ಟು ಹೇಳಿ ಕೂತುಬಿಟ್ಟ.

ಹಾಲು ಹಾಕುವವನ ಬಗ್ಗೆಯೂ ಇದನ್ನೇ ಹೇಳಬಹುದು ಎಂದುಕೊಂಡಳು ವರ್ನಾ. ಅವಳು ಡೆಲ್‌ನ ಹೆಂಡತಿ. ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೂವತ್ತು ವರ್ಷ ಈ ಸಿನಿಮಾದ ಊರಿಗೆ ದುಡಿದವನ ಬಗ್ಗೆ ಈ ಊರಿಗೆ ಹೇಳಲು ಇದ್ದದ್ದು ಅಷ್ಟೇ. ಅವಳು ಅಳಲಿಲ್ಲ. ಇವರ ಮುಂದೆ ಅತ್ತರೆ, ಚೆನ್ನಾಗಿ ಅತ್ತಳು ಎನ್ನುತ್ತಾರೆ.

ಡೆಲ್ ಹುಟ್ಟಿದ್ದು ನೆಬ್ರಾಸ್ಕಾದಲ್ಲಿ, ರೈಲು ನೀರು ಕುಡಿಯಲು ನಿಲ್ಲುವಂಥ ಒಂದು ಊರಿನಲ್ಲಿ. ತಾಯಿ ಸ್ಟೇಷನ್ ಪಕ್ಕ ಊಟದ ಮನೆ ನಡೆಸುತ್ತಿದ್ದಳು. ಹಂದಿ ಮಾಂಸ, ಕೋಸು, ಹಿಟ್ಟಿನ ಉಂಡೆ. ತಂದೆ ಒಂದು ಚಳಿಗಾಲ ಒಮಾಹಾದ ಕಸಾಯಿಖಾನೆಗೆ ಕೆಲಸಕ್ಕೆ ಹೋದ. ಹಿಮ ಕರಗಿತು. ಅವನು ಬರಲಿಲ್ಲ. ಸತ್ತನೋ, ಬೇರೆ ಮನೆ ಮಾಡಿದನೋ ಗೊತ್ತಿಲ್ಲ. ತಾಯಿ ಯಾರನ್ನೂ ಕೇಳಲಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಬಂದ ರೈಲಿಗೆಲ್ಲ ಬಡಿಸಿದಳು. ಒಲೆ ಆರಿದ ಮೇಲೆ ಪಾತ್ರೆ ತಿಕ್ಕಿದಳು. ಡೆಲ್ ಅದನ್ನು ನೋಡುತ್ತ ಬೆಳೆದ.

ಸೈನ್ಯಕ್ಕೆ ಸೇರಿ ಕ್ಯಾಮೆರಾ ಕಲಿತ. ಸಿಪಾಯಿಗಳಿಗೆ ಬೂಟು ಒಣಗಿಸುವುದು ಹೇಗೆ ಎಂದು ತೋರಿಸುವ ಚಿತ್ರಗಳು. ಅಲ್ಲಿಂದ ಬಿಟ್ಟವನು ಬಸ್ಸು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದ. ಟಿವಿಗೆ ಆಗ ಕುದುರೆ ಸವಾರರ ಹುಚ್ಚು. ಕುದುರೆ ಮೇಲೆ ಕೂರಬಲ್ಲವನು ನಟ, ಕುದುರೆ ಕಡೆ ಕ್ಯಾಮೆರಾ ತಿರುಗಿಸಬಲ್ಲವನು ನಿರ್ದೇಶಕ. ಮೊದಲು ಓಡಾಡುವ ಕೆಲಸ, ಆಮೇಲೆ ಸಹಾಯಕ, ಆಮೇಲೆ ನಿರ್ದೇಶಕ.

ವರ್ನಾ ಅವನು ತೆಗೆಯುತ್ತಿದ್ದ ಶೆರಿಫನ ಧಾರಾವಾಹಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಬೇಕರ್ಸ್‌ಫೀಲ್ಡ್ ಕಡೆಯ ಹತ್ತಿ ಬಿಡಿಸುವವರ ಮಗಳು. ಶಾಲೆ ಆರನೇ ಕ್ಲಾಸಿಗೆ ನಿಂತಿತ್ತು. ಶೆರಿಫನ ಅಂಗಿಯ ಕೊರಳುಪಟ್ಟಿ ಉಜ್ಜಿದವಳಿಗೆ ಶೆರಿಫನ ಮೇಲೆ ಭಕ್ತಿ ಬರುವುದು ಕಷ್ಟ.

ಒಂದು ದಿನ ಡೆಲ್ ಕೈಯಲ್ಲಿ ಒಂದು ಅಂಗಿ ಹಿಡಿದು ಬಟ್ಟೆಯ ಬಂಡಿಗೆ ಬಂದ.

"ಇವನು ಮೂರು ದಿನ ಮರಳುಗಾಡಲ್ಲಿ ತೆವಳಿ ಸಾಯ್ಬೇಕಮ್ಮ. ನೀನು ನೋಡಿದ್ರೆ ಇಸ್ತ್ರಿ ಹೊಡೆದಿದ್ದೀಯ."

"ಸಾಯೋನು ನೀಟಾಗಿ ಸಾಯ್ಲಿ ಅಂತ."

"ಮುದುರಿ ಕೊಡು."

"ಮುದುರೋದಕ್ಕೆ ನಾನ್ಯಾಕೆ ಬೇಕು? ನಿಮ್ಮ ಕೈ ಇಲ್ವಾ?"

ಅವನು ಅಲ್ಲೇ ನಿಂತು ಅಂಗಿಯನ್ನು ಮುದ್ದೆ ಮಾಡಿ, ನೆಲಕ್ಕೆ ಹಾಕಿ, ಮೇಲೆ ನಿಂತು ತುಳಿದ. ನಿರ್ದೇಶಕರಲ್ಲಿ ಹಾಗೆ ಮಾಡಿದವನನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅವರಿಗೆ ಬೆರಳು ತೋರಿಸುವುದೊಂದೇ ಗೊತ್ತು. ಮುಂದಿನ ವರ್ಷ ಮದುವೆಯಾದರು. ರೆಸೀಡಾದಲ್ಲಿ ಒಂದು ಮನೆ ಮಾಡಿದರು. ಹಿತ್ತಿಲಲ್ಲಿ ನಿಂಬೆ ಗಿಡ. ಈಜುಕೊಳ ಇಲ್ಲ. ಈಜುಕೊಳ ಇಲ್ಲದವನನ್ನು ಸಿನಿಮಾದವರ ಆ ಊರು ಲೆಕ್ಕಕ್ಕೇ ಇಡುವುದಿಲ್ಲ.

ಟಿವಿ ನಿರ್ದೇಶಕ ಎಂದರೆ ದೂರದವರು ದೊಡ್ಡ ಮನುಷ್ಯ ಎಂದುಕೊಳ್ಳುತ್ತಾರೆ. ಬಸ್ಸಿನ ಡ್ರೈವರು ಅಷ್ಟೇ. ಕಥೆ ಇನ್ನೊಬ್ಬರದು, ನಟರನ್ನು ಆರಿಸುವವರು ಇನ್ನೊಬ್ಬರು. ಇವನು ಬಂದು 'ಶುರು' ಎನ್ನಬೇಕು, 'ಸಾಕು' ಎನ್ನಬೇಕು. ತೆಗೆದದ್ದನ್ನು ನಿರ್ಮಾಪಕ ಸಂಕಲನದ ಕೋಣೆಗೆ ಒಯ್ದು ತನಗೆ ಬೇಕಾದಂತೆ ಕತ್ತರಿಸುತ್ತಾನೆ. ಅದಕ್ಕೆ ಅನುಕೂಲವಾಗಲಿ ಎಂದು ಮಿಕ್ಕ ನಿರ್ದೇಶಕರು ಒಂದೇ ದೃಶ್ಯವನ್ನು ದೂರದಿಂದ, ಹತ್ತಿರದಿಂದ, ಎಡಬಲದಿಂದ ತೆಗೆದು ಗುಡ್ಡೆ ಹಾಕುತ್ತಿದ್ದರು. ಬೇಕಾದ್ದು ಆರಿಸಿಕೋ ದೊರೆ ಎಂದು ಕೈಮುಗಿದ ಹಾಗೆ.

ಡೆಲ್ ಹಾಗೆ ಮಾಡುತ್ತಿರಲಿಲ್ಲ. ಬೇಕಾದಷ್ಟೇ ತೆಗೆಯುತ್ತಿದ್ದ. ನಟ ಮಾತು ಮುಗಿಸಿ ಬಾಗಿಲ ಕಡೆ ನೋಡಿದರೆ ಸಾಕು ಅನಿಸಿದಾಗ, ತನ್ನ ಟೋಪಿ ತೆಗೆದು ಕ್ಯಾಮೆರಾದ ಕಣ್ಣಿಗೆ ಅಡ್ಡ ಹಿಡಿದುಬಿಡುತ್ತಿದ್ದ. ನಟ ಮುಂದೆ ಏನು ಕುಣಿದರೂ ಟೋಪಿಯ ಒಳಗಡೆ ಕುಣಿಯಬೇಕು. ಸಂಕಲನದವನಿಗೆ ಜೋಡಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಫಿಲಂ ಉಳಿಯುತ್ತದೆ ಎಂದು ನಿರ್ಮಾಪಕರು ಮೊದಮೊದಲು ಬೆನ್ನು ತಟ್ಟಿದರು. ತಮ್ಮ ಕತ್ತರಿಗೆ ಕೆಲಸವಿಲ್ಲದೆ ಹೋಗಿದೆ ಎಂದು ಅವರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಬುದ್ಧಿ ಆ ಊರಿನಲ್ಲಿ ನಿಧಾನಕ್ಕೆ ಓಡುತ್ತದೆ.

ಇಪ್ಪತ್ತು ವರ್ಷ ಹೀಗೆ ಕಳೆಯಿತು. ಶೆರಿಫರು ಹೋಗಿ ಡಾಕ್ಟರುಗಳು ಬಂದರು, ಡಾಕ್ಟರುಗಳು ಹೋಗಿ ಪೊಲೀಸರು ಬಂದರು. ಡೆಲ್ ಎಲ್ಲವನ್ನೂ ತೆಗೆದ. ಒಳಗೊಳಗೇ ಅವನ ಹತ್ತಿರ ಒಂದು ಕಥೆ ಇತ್ತು. ರೈಲು ಸ್ಟೇಷನ್ನಿನ ಪಕ್ಕ ಊಟದ ಮನೆ ನಡೆಸುವ ಒಬ್ಬ ಹೆಂಗಸು. ಗಂಡ ಕೆಲಸಕ್ಕೆ ಹೋಗಿ ಬರುವುದಿಲ್ಲ. ಕಾಯುತ್ತಿದ್ದೇನೆ ಎಂದು ಅವಳು ಬಾಯಿಬಿಟ್ಟು ಹೇಳುವುದೂ ಇಲ್ಲ. ಕೊನೆಗೊಂದು ಸಂಜೆ ಬಾಗಿಲು ಹಾಕಿ ಪಾತ್ರೆ ತಿಕ್ಕುತ್ತಾಳೆ. ಅಷ್ಟೇ.

ಇದಕ್ಕೆ ದುಡ್ಡು ಹಾಕುತ್ತೇನೆಂದು ಬಂದವನು ಹಡ್ಸನ್ ಪೈಕ್ ಎಂಬ ನಿರ್ಮಾಪಕ. ಪೊಲೀಸ್ ಧಾರಾವಾಹಿಗಳಲ್ಲಿ ಸಂಪಾದಿಸಿದ್ದ. ಎಲ್ಲರನ್ನೂ 'ಚಿನ್ನ' ಎನ್ನುತ್ತಿದ್ದ. ಹೆಂಡತಿಯೂ ಚಿನ್ನ, ಕಾರು ತೊಳೆಯುವವನೂ ಚಿನ್ನ, ಕೆಲಸದಿಂದ ತೆಗೆದುಹಾಕಿದವನೂ ಚಿನ್ನ. ಹೆಸರು ನೆನಪಿಡುವ ತಾಪತ್ರಯ ಇರಲಿಲ್ಲ. ಮೇಲಿನ ಸಾಲಿನ ಹಲ್ಲು ಹೊಸದಾಗಿ ಕಟ್ಟಿಸಿದ್ದ. ಅದು ಹಾಳಾಗಬಾರದೆಂದು ಸದಾ ಹೊರಗಿಟ್ಟುಕೊಂಡಿರುತ್ತಿದ್ದ.

"ಇದು ನಿನ್ನ ಚಿತ್ರ ಚಿನ್ನ. ಒಂದು ಚೂರೂ ಮುಟ್ಟಲ್ಲ" ಎಂದು ಮಾತು ಕೊಟ್ಟ.

ಫ್ರೆಸ್ನೊ ಕಡೆ ಮುಚ್ಚಿಹೋಗಿದ್ದ ಸ್ಟೇಷನ್ನೊಂದರಲ್ಲಿ ಚಿತ್ರ ತೆಗೆದರು. ಬಟ್ಟೆ ವರ್ನಾಳದು. ಅವಳು ಗಂಡನನ್ನು ಅಷ್ಟು ಹಗುರವಾಗಿ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಬೆಳಗ್ಗೆ ಸಿಳ್ಳೆ ಹಾಕುತ್ತಿದ್ದ. ತಂಡಕ್ಕೆ ಊಟ ತರುವ ವ್ಯಾನಿನ ಗಸ್ ಎಂಬವನ ಹತ್ತಿರ ನಿಂತು ಬೀನ್ಸ್ ತಿನ್ನುತ್ತಿದ್ದ. ಪಾತ್ರೆ ತಿಕ್ಕುವ ದೃಶ್ಯ ತೆಗೆದ ದಿನ, ಟೋಪಿ ಅಡ್ಡ ಹಿಡಿಯುವುದನ್ನು ಮರೆತು ನಿಂತುಬಿಟ್ಟ. ಆ ಹೆಂಗಸು ತಿಕ್ಕುತ್ತಲೇ ಇದ್ದಳು. ಫಿಲಂ ತಾನಾಗಿ ಮುಗಿದು ನಿಂತಿತು.

ಪೈಕ್ ಚಿತ್ರವನ್ನು ಪಾಸಡೀನಾದ ಒಂದು ಥಿಯೇಟರಿನಲ್ಲಿ ಜನಕ್ಕೆ ಸುಮ್ಮನೆ ತೋರಿಸಿ ನೋಡಿದ. ಬಿಡುಗಡೆಗೆ ಮುಂಚೆ ಹಾಗೆ ತೋರಿಸುವುದು ಪದ್ಧತಿ. ಪಾಪ್‌ಕಾರ್ನ್ ತಿನ್ನಲು ಬಂದವರು ಹೇಳಿದ ಮಾತೇ ವೇದ. ಅವರಿಗೆ ಕೊನೆ ಹಿಡಿಸಲಿಲ್ಲ. ಮಾರನೆಯ ದಿನ ಪೈಕ್ ಡೆಲ್‌ನನ್ನು ತನ್ನ ಈಜುಕೊಳದ ದಂಡೆಗೆ ಕರೆಸಿದ. ವರ್ನಾ ಜೊತೆಗೆ ಹೋಗಿದ್ದಳು.

"ಚಿನ್ನ, ಜನ ಎರಡು ಗಂಟೆ ಆ ಗಂಡನಿಗೆ ಕಾಯ್ತಾರೆ. ಅವನನ್ನ ಮನೆಗೆ ಕಳಿಸು."

"ಅವನು ಬರಲ್ಲ" ಎಂದ ಡೆಲ್.

"ಯಾಕೆ ಬರಲ್ಲ? ಕರೆದ್ರೆ ಬರ್ತಾನೆ. ಅವನೇನು ನಿಜವಾದ ಮನುಷ್ಯನಾ?"

"ಹೌದು. ನಮ್ಮಪ್ಪ."

ಪೈಕ್ ಹಲ್ಲು ತೋರಿಸಿದ.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ನಿಮ್ಮಮ್ಮನಿಗೂ ಖುಷಿಯಾಗುತ್ತೆ."

ಡೆಲ್‌ನ ತಾಯಿ ಸತ್ತು ಬಹಳ ವರ್ಷವಾಗಿತ್ತು. ಡೆಲ್ ಎದ್ದು ಬಂದ. ವರ್ನಾ ಗಾಡಿ ಓಡಿಸಿದಳು.

ಕತ್ತರಿಸಿ ಕೊನೆ ಬದಲಾಯಿಸಲು ಪೈಕ್‌ಗೆ ಏನೂ ಸಿಗಲಿಲ್ಲ. ಡೆಲ್ ಬೇರೆ ಕೊನೆಗೆ ಆಗುವಂಥದ್ದು ಒಂದಡಿಯನ್ನೂ ತೆಗೆದಿರಲಿಲ್ಲವಲ್ಲ. ಅದಕ್ಕೇ ಪೈಕ್ ತನ್ನ ಸಹಾಯಕನೊಬ್ಬನನ್ನು ಕ್ಯಾಮೆರಾ ಕೊಟ್ಟು ಫ್ರೆಸ್ನೊಗೆ ಅಟ್ಟಿದ. ಗಂಡನ ಪಾತ್ರ ಮಾಡಿದವನು ಆಗಲೇ ಬೇರೆ ಚಿತ್ರಕ್ಕೆ ಸ್ಪೇನಿಗೆ ಹೋಗಿದ್ದ. ಮೈಕಟ್ಟು ಹೋಲುವವನು ಊಟದ ವ್ಯಾನಿನ ಗಸ್ ಒಬ್ಬನೇ. ಅವನಿಗೆ ಕೋಟು ಹಾಕಿಸಿ, ಮೇಲಿನಿಂದ ನೀರು ಸುರಿಸಿ ಮಳೆ ಮಾಡಿ, ಬೆನ್ನ ಹಿಂದಿನಿಂದ ತೆಗೆದರು. ಬಾಗಿಲು ತಟ್ಟುತ್ತಾನೆ. ಅವಳು ತೆಗೆಯುತ್ತಾಳೆ. ಅಪ್ಪಿಕೊಳ್ಳುತ್ತಾರೆ. ಪಿಟೀಲು.

ಸುದ್ದಿ ತಂದವನು ಗಸ್‌ನೇ. ಒಂದು ಭಾನುವಾರ ಮನೆಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಡೆಲ್, ಆಣೆ ಮಾಡಿ ಹೇಳ್ತೀನಿ, ಯಾತಕ್ಕೆ ಅಂತ ನಂಗೆ ಗೊತ್ತಿರ್ಲಿಲ್ಲ. ಕೋಟು ಹಾಕ್ಕೊಂಡು ಬಾಗಿಲ ತನಕ ನಡಿ ಅಂದ್ರು. ನಡೆದೆ."

"ಸರಿಯಾಗಿ ನಡೆದೆ ತಾನೆ?"

"ಒಂದ್ಸಲ ಜಾರಿದೆ."

"ಒಳ್ಳೇದು. ಕೂತ್ಕೋ. ವರ್ನಾ, ಕಾಫಿ ಕೊಡೇ ಇವನಿಗೆ. ನಮ್ಮಪ್ಪ ಬಂದಿದಾನೆ."

ವರ್ನಾ ಕಾಫಿ ಕೊಟ್ಟಳು. ಡೆಲ್ ನಗುತ್ತಿದ್ದ. ಆ ನಗು ಅವಳಿಗೆ ಹಿಡಿಸಲಿಲ್ಲ.

ನಿರ್ದೇಶಕರ ಸಂಘದಲ್ಲಿ ಒಂದು ಕಟ್ಟಳೆ ಇದೆ. ತನ್ನ ಚಿತ್ರವನ್ನು ಹಾಳುಗೆಡವಿದರು ಎಂದು ನಿರ್ದೇಶಕ ದೂರಿದರೆ, ಸಂಘದ ನಾಲ್ಕಾರು ಹಿರಿಯರು ಕೂತು ಚಿತ್ರ ನೋಡುತ್ತಾರೆ. ಹೌದು ಅನಿಸಿದರೆ ಅವನ ಹೆಸರು ತೆಗೆದು, ಹುಟ್ಟದೇ ಇರುವ ಯಾರದೋ ಹೆಸರು ಹಾಕಲು ಒಪ್ಪುತ್ತಾರೆ. ಆದರೆ ಅವನು ಬಾಯಿ ಬಿಡಬಾರದು. ಅದು ನನ್ನ ಚಿತ್ರವಾಗಿತ್ತು ಎಂದು ಎಲ್ಲಿಯೂ ಹೇಳುವಂತಿಲ್ಲ. ಹೆತ್ತವನು ಮಗುವನ್ನು ದಾರಿಯಲ್ಲಿ ಕಂಡರೆ ಮುಖ ತಿರುಗಿಸಿಕೊಂಡು ಹೋಗಬೇಕು. ಇಂಥ ಕಟ್ಟಳೆ ಅಲ್ಲಿಯವರಿಗೇ ಹೊಳೆಯಬೇಕು.

ಹಿರಿಯರು ನೋಡಿದರು. ಒಪ್ಪಿದರು. ಅವರಲ್ಲೊಬ್ಬ ಕಣ್ಣೊರೆಸಿಕೊಳ್ಳುತ್ತ, "ನೀನು ಹೇಳೋದು ನ್ಯಾಯವೇ ಕಣಯ್ಯ. ಆದ್ರೆ ಆ ಕೊನೆ ಚೆನ್ನಾಗಿದೆ" ಎಂದ.

"ಏನು ಹೆಸರು ಹಾಕೋಣ?" ಎಂದು ಕೇಳಿದರು.

"ಕ್ಲಾರೆನ್ಸ್ ಬೀನ್" ಎಂದ ಡೆಲ್.

ಅದು ಯಾರ ಹೆಸರು ಎಂದು ಯಾರೂ ಕೇಳಲಿಲ್ಲ. ಚಾಟ್ಸ್‌ವರ್ತ್ ಗುಡ್ಡದ ಕುದುರೆ ಲಾಯದಲ್ಲಿ ಕ್ಲಾರೆನ್ಸ್ ಎಂಬ ಒಂದು ಬೂದು ಹೇಸರಗತ್ತೆ ಇತ್ತು. ಶೆರಿಫನ ಕಾಲದಲ್ಲಿ ಸಾಮಾನು ಹೊರಿಸಲು ಅದನ್ನೇ ತರುತ್ತಿದ್ದರು. ಒಳ್ಳೇ ದೃಶ್ಯದ ನಡುವೆ ನಿಂತುಬಿಡುತ್ತಿತ್ತು. ನಾಲ್ಕು ಜನ ತಳ್ಳಿದರೂ ಕದಲುತ್ತಿರಲಿಲ್ಲ. ಬೀನ್ಸ್ ತೋರಿಸಿದರೆ ಮಾತ್ರ ಕಾಲು ತೆಗೆಯುತ್ತಿತ್ತು.

ಚಿತ್ರ ಬಿಡುಗಡೆಯಾಯಿತು. ಬಿದ್ದುಹೋಗುತ್ತದೆ, ಹೂತುಹಾಕಿ ಮರೆಯೋಣ ಎಂದುಕೊಂಡಿದ್ದ ಡೆಲ್. ಬೀಳಲಿಲ್ಲ. ಜನ ಸಾಲು ನಿಂತರು. ನ್ಯೂಯಾರ್ಕಿನ ಪತ್ರಿಕೆಗಳು ಅರ್ಧ ಪುಟ ಬರೆದವು. ಹೊಸ ನಿರ್ದೇಶಕ ಕ್ಲಾರೆನ್ಸ್ ಬೀನ್‌ನ ತಾಳ್ಮೆಯನ್ನು ಹೊಗಳಿದವು. ಹೆಂಗಸಿನ ದುಃಖವನ್ನು ಹತ್ತಿರದಿಂದ ಬಲ್ಲವನು ಎಂದವು. ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿಸಿಕೊಂಡದ್ದು ಆ ಕೊನೆ. ಗಂಡನ ಮುಖ ತೋರಿಸದೆ ಬೆನ್ನು ಮಾತ್ರ ತೋರಿಸುವ ಧೈರ್ಯ ಯಾರಿಗಿದೆ ಎಂದರು. ಆ ಬೆನ್ನು ಒಂದು ಕ್ಷಣ ತಡವರಿಸುತ್ತದಲ್ಲ, ಅದರಲ್ಲಿ ಇಡೀ ಬಡವರ ಬದುಕಿದೆ ಎಂದರು. ಗಸ್ ಜಾರಿದ್ದು ಅದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಹೇಸರಗತ್ತೆ ಈಯಿತು, ಓದಿಕೊಂಡವರೆಲ್ಲ ಬಾಣಂತನಕ್ಕೆ ನಿಂತರು.

ಒಬ್ಬ ಏಜೆಂಟು ಡೆಲ್‌ಗೆ ಫೋನು ಮಾಡಿದ. ಆ ತಂಡದವರನ್ನು ಬಲ್ಲವನು ಡೆಲ್ ಎಂದು ಯಾರೋ ಹೇಳಿದ್ದರಂತೆ.

"ಬೀನ್ ನಿಮಗೆ ಗೊತ್ತಂತೆ? ಎಂಥ ಮನುಷ್ಯ ಅವರು?"

ಡೆಲ್ ಹೇಳಿದ, "ಹೆಚ್ಚು ಮಾತಿಲ್ಲ."

"ಹಾಗೇ ಅಂದ್ಕೊಂಡೆ. ಬೇರೆಯವರು ಹೇಳೋದನ್ನ ಕೇಳಿಸ್ಕೋತಾರಾ?"

"ಕಿವಿ ದೊಡ್ಡದು. ಕೇಳಿಸುತ್ತೆ. ಕೇಳಲ್ಲ."

"ನಮ್ಮ ಹತ್ರ ಒಂದು ದೊಡ್ಡ ಚಿತ್ರ ಇದೆ. ಒಪ್ಕೋತಾರೆ ಅಂತೀರಾ?"

"ತಿಂಡಿ ಚೆನ್ನಾಗಿರ್ಬೇಕು."

ಏಜೆಂಟು ಅದನ್ನು ಬರೆದುಕೊಂಡನೆಂದು ಕಾಣುತ್ತದೆ. ವರ್ನಾ ಪಕ್ಕದಲ್ಲಿ ನಿಂತು ಕೇಳುತ್ತಿದ್ದವಳು ಮೊದಲು ನಕ್ಕಳು, ಆಮೇಲೆ ಸಿಂಕಿನ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಳು.

ಮುಂದಿನ ವಸಂತದಲ್ಲಿ ಕ್ಲಾರೆನ್ಸ್ ಬೀನ್‌ಗೆ ಒಂದು ಬಹುಮಾನ ಬಂತು. ಪೈಕ್ ಕರಿ ಕೋಟು ತೊಟ್ಟು ವೇದಿಕೆ ಹತ್ತಿದ. ಬೀನ್ ಗುಡ್ಡದಲ್ಲಿರುತ್ತಾರೆ, ಜನರ ನಡುವೆ ಬರಲು ಸಂಕೋಚ, ಅವರ ಪರವಾಗಿ ನಾನು ತೆಗೆದುಕೊಳ್ಳುತ್ತೇನೆ ಎಂದ. ಸಭೆ ಎದ್ದು ಚಪ್ಪಾಳೆ ತಟ್ಟಿತು. ಟಿವಿಯಲ್ಲಿ ತೋರಿಸಿದರು. ಡೆಲ್ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಹೇಳ್ಬಿಡು" ಎಂದಳು ವರ್ನಾ. "ಪತ್ರಿಕೆಯವರಿಗೆ ಫೋನ್ ಮಾಡಿ ಹೇಳ್ಬಿಡು. ಅದು ಕತ್ತೆ ಅಂತ ಹೇಳು."

"ಮಾತು ಕೊಟ್ಟಿದ್ದೀನಿ."

"ಪೈಕೂ ಮಾತು ಕೊಟ್ಟಿದ್ದ."

"ಅದಕ್ಕೇ."

"ನೀನೊಬ್ಬ ಪೆದ್ದ ಕಣೋ."

"ಹೇಳಿ ಏನು ಮಾಡ್ಲಿ? ಅವರು ಹೊಗಳ್ತಿರೋದು ನಮ್ಮಪ್ಪ ವಾಪಸ್ ಬಂದಿದ್ದಕ್ಕೆ. ಹೌದು, ಕರ್ಕೊಂಡು ಬಂದೋನು ನಾನೇ ಅನ್ಲಾ? ಆಮೇಲೆ ನಮ್ಮಮ್ಮ ತಿಕ್ಕಿದ ಪಾತ್ರೆ ಎಲ್ಲಿಗೆ ಹೋಯ್ತು?"

ವರ್ನಾ ಎದ್ದು ಟಿವಿ ಆರಿಸಿದಳು.

ಅವನಿಗೆ ಆಮೇಲೆ ಇನ್ನೊಂದು ಚಿತ್ರ ಸಿಗಲಿಲ್ಲ. ಹೆಸರು ತೆಗೆಸಿದವನು ತಂಟೆಕೋರ ಎಂದು ಊರೆಲ್ಲ ಹಬ್ಬಿತು. ಯಾವ ಚಿತ್ರದಿಂದ ತೆಗೆಸಿದ ಎಂದು ಯಾರೂ ಕೇಳಲಿಲ್ಲ. ಆ ಊರಿನಲ್ಲಿ ಜನ ಒಳಸುದ್ದಿಯ ಬಾಲ ಮಾತ್ರ ಹಿಡಿಯುತ್ತಾರೆ. ಪೊಲೀಸ್ ಧಾರಾವಾಹಿಗಳಿಗೆ ವಾಪಸ್ಸು ಹೋದ. ಪ್ರತಿ ಕ್ರಿಸ್ಮಸ್ಸಿಗೆ ಪೈಕ್‌ನ ಮನೆಗೂ ಹೋದ. ಅಲ್ಲಿ ಕೆಲಸ ಕೊಡುವವರು ಸಿಗುತ್ತಾರೆ ಎಂದು. ಇದೊಂದನ್ನು ವರ್ನಾ ಕ್ಷಮಿಸಲಿಲ್ಲ. ಅವಳು ಕಾರಿನಲ್ಲೇ ಕೂತಿರುತ್ತಿದ್ದಳು. ಅವನು ಕೈಯಲ್ಲಿ ಒಂದು ತಟ್ಟೆ ಹಿಡಿದು ಬಂದು ಕಿಟಕಿಯಲ್ಲಿ ಕೊಡುತ್ತಿದ್ದ. ಅವಳು ಅದನ್ನು ಪೈಕ್‌ನ ಗುಲಾಬಿ ಪಾತಿಗೆ ಸುರಿಯುತ್ತಿದ್ದಳು.

ವಯಸ್ಸಾಯಿತು. ಗದ್ದದಲ್ಲಿ ಕೂದಲು ಬಾರದ ಹುಡುಗರು ದೊಡ್ಡ ಮೇಜುಗಳ ಹಿಂದೆ ಕೂತು, "ನೀವು ಏನೇನು ಮಾಡಿದ್ದೀರಿ?" ಎಂದು ಅವನನ್ನು ಕೇಳತೊಡಗಿದರು. ಅವರು ಚಡ್ಡಿಯಲ್ಲಿ ಕೂತು ನೋಡಿದ್ದೆಲ್ಲ ಅವನು ತೆಗೆದದ್ದು. ಅವನು ಹೇಳುತ್ತಿರಲಿಲ್ಲ. ಕೊನೆಗೆ ಬಟ್ಟೆಗೊಂಬೆಗಳು ಲೆಕ್ಕ ಹೇಳಿಕೊಡುವ ಮಕ್ಕಳ ಕಾರ್ಯಕ್ರಮ ಸಿಕ್ಕಿತು. ಬೊಂಬೆಗಳು ವಾಸಿ, ಹತ್ತಿರದಿಂದ ತೆಗಿ ಎಂದು ಕಾಡುವುದಿಲ್ಲ ಎಂದ. ಅದೂ ನಿಂತಿತು.

ಶ್ವಾಸಕೋಶ ಕೆಟ್ಟು ಮನೆಯಲ್ಲೇ ಮಲಗಿದ. ಸಾಯುವಾಗ ದೊಡ್ಡ ಮಾತೇನೂ ಆಡಲಿಲ್ಲ. ಹಾಗೆ ಆಡುವವರು ಸಿನಿಮಾದಲ್ಲಿ. ಗ್ಯಾರೇಜಿನ ಬಾಗಿಲು ಹಾಕಿದೆಯಾ ಎಂದು ಕೇಳಿದ. ಹಾಕಿದೆ ಎಂದಳು ವರ್ನಾ. ಹಾಕಿರಲಿಲ್ಲ. ಹೋಗಿ ಹಾಕಿ ಬರುವಷ್ಟರಲ್ಲಿ ಹೋಗಿದ್ದ.

ಸಂಘದ ಸಭೆ ಮುಗಿದು ತಿಂಗಳಾಗಿತ್ತು. ಲೈಲ್ ಎಂಬ ಒಬ್ಬ ಬಂದ. ಹಳೇ ಚಿತ್ರಗಳನ್ನು ಕಾಪಾಡುವ ಸಂಸ್ಥೆಯವನಂತೆ. ಗಡ್ಡ, ದುಂಡು ಕನ್ನಡಕ, ಕಾಲಿಗೆ ಚೀಲದಂಥ ಚಪ್ಪಲಿ. ವರ್ನಾ ಅವನನ್ನು ಅಡಿಗೆಮನೆಯಲ್ಲಿ ಕೂರಿಸಿದಳು. ಅವನು ಮೇಜಿನ ಮೇಲೆ ಮೊಣಕೈ ಊರಿ, ಗುಟ್ಟು ಹೇಳುವವನ ಹಾಗೆ ಬಾಗಿದ.

"ಮೇಡಂ, ನಮಗೆ ಗೊತ್ತಾಗಿದೆ. ಕ್ಲಾರೆನ್ಸ್ ಬೀನ್ ಅಂದ್ರೆ ನಿಮ್ಮ ಯಜಮಾನ್ರು."

"ಕ್ಲಾರೆನ್ಸ್ ಬೀನ್ ಅಂದ್ರೆ ಹೇಸರಗತ್ತೆ" ಎಂದಳು ವರ್ನಾ.

ಅವನು ನಕ್ಕ. ತಮಾಷೆ ಎಂದುಕೊಂಡ.

ಚಿತ್ರವನ್ನು ಚೊಕ್ಕ ಮಾಡಿ ಹೊಸದಾಗಿ ಬಿಡುತ್ತಿದ್ದಾರಂತೆ. ದೊಡ್ಡ ಥಿಯೇಟರು, ದೊಡ್ಡ ಸಭೆ. ಸಂಘ ಒಪ್ಪಿದೆ. ಹೆಂಡತಿ ಹೂಂ ಎಂದರೆ ಬೀನ್ ಹೆಸರು ಹೋಗಿ ಡೆಲ್ಬರ್ಟ್ ಕ್ರಾಲ್ ಹೆಸರು ಬರುತ್ತದೆ. ಪುಸ್ತಕಗಳಲ್ಲೂ ಬದಲಾಗುತ್ತದೆ. ಒಂದು ವಾರ ಅವನ ಟಿವಿ ಕಂತುಗಳನ್ನೂ ತೋರಿಸುತ್ತಾರೆ.

ಇದು ವರ್ನಾಗೆ ಬೇಡವಾಗಿತ್ತು ಎಂದರೆ ಸುಳ್ಳು. ಹಿಂದುಗಡೆಯ ಕೋಣೆ, ಕಿವಿಗೆ ಬಣ್ಣ ಹತ್ತಿದ ಆ ಮುದುಕ, ತಡ ಮಾಡದೆ ಮುಗಿಸಿ ಕೊಡುತ್ತಿದ್ದ ಎಂಬ ಮಾತು, ಯಾವುದನ್ನೂ ಅವಳು ಮರೆತಿರಲಿಲ್ಲ. ಗಂಡನ ಹೆಸರು ದೊಡ್ಡ ಪರದೆಯ ಮೇಲೆ ಒಂದು ಸಲ ಬರಲಿ, ಇವರೆಲ್ಲ ತಲೆ ಎತ್ತಿ ನೋಡಲಿ ಎಂದು ಅವಳಿಗೂ ಇತ್ತು. ಇದು ಕೈಬಿಟ್ಟರೆ ಇನ್ನೊಂದು ಬರುವುದಿಲ್ಲ ಎಂದೂ ಗೊತ್ತಿತ್ತು.

"ಕೊನೇದು ಕಿತ್ತು ಹಾಕಿ. ಹೆಸರು ಹಾಕ್ಕೊಳ್ಳಿ" ಎಂದಳು.

"ಕೊನೇದು ಅಂದ್ರೆ?"

"ಗಂಡ ಬರೋದು. ಅದು ಅವನು ತೆಗೆದಿದ್ದಲ್ಲ. ಅವಳು ಪಾತ್ರೆ ತಿಕ್ಕೋದಕ್ಕೆ ಮುಗೀಬೇಕು."

ಲೈಲ್‌ನ ಮುಖ ಸಪ್ಪಗಾಯಿತು. "ಮೇಡಂ, ಜನ ಬರೋದೇ ಆ ಕೊನೆಗೆ. ಆ ಬೆನ್ನಿನ ಬಗ್ಗೆ ಕಾಲೇಜುಗಳಲ್ಲಿ ಪಾಠ ಮಾಡ್ತಾರೆ."

"ಅದು ಊಟದ ವ್ಯಾನಿನ ಗಸ್‌ನ ಬೆನ್ನು. ಜಾರಿದ."

"ಇರಬಹುದು. ಆದ್ರೆ ಅದು ಈಗ ಎಲ್ಲರದೂ ಆಗ್ಬಿಟ್ಟಿದೆ. ಅದನ್ನ ತೆಗೆಯೋಕೆ ನಾವು ಯಾರು?"

"ಹಾಕೋಕೆ ಅವರು ಯಾರಾಗಿದ್ರು?"

ಅವನು ಕನ್ನಡಕ ತೆಗೆದು ಒರೆಸಿದ. ಒಳ್ಳೆಯ ಹುಡುಗನೇ ಇರಬೇಕು. ಒಳ್ಳೆಯತನದಿಂದಲೇ ಹೇಳಿದ, "ಬೇಡ ಅಂದ್ರೆ ಬಲವಂತ ಇಲ್ಲ. ಆದ್ರೆ ಯೋಚನೆ ಮಾಡಿ. ಇದಿಲ್ಲದೆ ಹೋದ್ರೆ ಅವರ ಹೆಸರು ಯಾರಿಗೂ ಗೊತ್ತಿರಲ್ಲ. ಯಾವತ್ತೂ."

"ಇದಿದ್ರೂ ಗೊತ್ತಿರಲ್ಲಪ್ಪ. ಬೇರೆ ಯಾರನ್ನೋ ಅವನು ಅಂದ್ಕೋತೀರಿ."

"ಹಾಗಾದ್ರೆ ಸಭೆ ಬೀನ್ ಹೆಸರಲ್ಲೇ ಆಗುತ್ತೆ."

"ಮಾಡಿ. ಆ ಕತ್ತೆಯೇನೂ ಬೇಜಾರು ಮಾಡ್ಕೊಳ್ಳಲ್ಲ."

ಕಾಫಿ ಹಾಗೇ ಉಳಿದಿತ್ತು. ಅವನು ಹೋದ ಮೇಲೆ ವರ್ನಾ ಕುರ್ಚಿಯಲ್ಲಿ ಕೂತು, ಡೆಲ್ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ನೋಡುವವರು ಯಾರೂ ಇರಲಿಲ್ಲ.

ಹೇಳಿದ ಹಾಗೆ ಸಭೆ ಆಯಿತು. ವರ್ನಾಳನ್ನು ಯಾರೂ ಕರೆಯಲಿಲ್ಲ. ಅವಳೇ ಬಸ್ಸು ಹತ್ತಿ, ಕಿಟಕಿಯಲ್ಲಿ ಟಿಕೇಟು ತೆಗೆದುಕೊಂಡು ನಡುವಿನ ಸಾಲಿನಲ್ಲಿ ಕೂತಳು. ಪೈಕ್ ಬಂದಿದ್ದ. ಕೋಲು ಹಿಡಿದಿದ್ದ, ಹಲ್ಲು ಮಾತ್ರ ಹಾಗೇ ಇತ್ತು. ಬೀನ್ ಜೊತೆ ಕಳೆದ ದಿನಗಳನ್ನು ನೆನೆದು ಮಾತಾಡಿದ. ಕೊನೆಯ ದೃಶ್ಯ ತೆಗೆಯುವಾಗ ಬೀನ್ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು, ಕೊಡೆ ಹಿಡಿಯಲು ಹೋದರೆ ಬೇಡ ಎಂದರು ಎಂದ. ಜನ ನಿಟ್ಟುಸಿರಿಟ್ಟರು.

ದೀಪ ಆರಿತು. ಕ್ಲಾರೆನ್ಸ್ ಬೀನ್ ಹೆಸರು ಬಂದಾಗ ಚಪ್ಪಾಳೆ ಬಿತ್ತು. ವರ್ನಾ ಕೈ ತೊಡೆಯ ಮೇಲಿಟ್ಟುಕೊಂಡಿದ್ದಳು.

ಚಿತ್ರ ಚೆನ್ನಾಗಿತ್ತು. ಇಷ್ಟು ಚೆನ್ನಾಗಿದೆ ಎಂಬುದು ಅವಳಿಗೂ ಮರೆತಿತ್ತು. ತಾನು ಒಗೆದು ಮಾಸಿಸಿದ ಏಪ್ರನ್ನು, ತಾನೇ ಬಿಚ್ಚಿದ ಹೊಲಿಗೆ, ಎಲ್ಲ ಕಂಡಿತು. ಆ ಹೆಂಗಸು ಬಡಿಸಿದಳು, ರೈಲು ಹೋಯಿತು, ಬಾಗಿಲು ಹಾಕಿದಳು. ಸಿಂಕಿನ ಹತ್ತಿರ ನಿಂತಳು. ತಿಕ್ಕಿದಳು. ತಿಕ್ಕುತ್ತಲೇ ಇದ್ದಳು. ಸುತ್ತಲಿನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು, ಈಗ ಬರುತ್ತಾನೆ ಎಂದು.

ವರ್ನಾ ಎದ್ದಳು.

ಪಕ್ಕದ ಗಂಡಸು ಮೊಣಕಾಲು ಸರಿಸಲಿಲ್ಲ. "ಕೂತ್ಕೊಳ್ಳಮ್ಮ, ಮುಗಿದಿಲ್ಲ ಇನ್ನೂ."

"ಮುಗೀತು. ಕಾಲು ತೆಗಿ."

"ಅಯ್ಯೋ, ಇದೇ ನೋಡ್ಬೇಕಾದ್ದು. ಒಂದು ನಿಮಿಷ ತಡೆದ್ರೆ ಅವನು ಬರ್ತಾನೆ."

"ಬರಲ್ಲ" ಎಂದಳು ವರ್ನಾ.

ಅವನ ಕಾಲು ತುಳಿದುಕೊಂಡೇ ದಾಟಿದಳು. ಓಣಿಯಲ್ಲಿ ನಡೆದು ಬಾಗಿಲ ಹತ್ತಿರ ಬರುವಾಗ ಬೆನ್ನ ಹಿಂದೆ ಮಳೆಯ ಸದ್ದು ಶುರುವಾಯಿತು. ಆಮೇಲೆ ಬಾಗಿಲು ತಟ್ಟಿದ ಸದ್ದು. ವರ್ನಾ ಅಲ್ಲೇ ನಿಂತಳು. ಬಾಗಿಲ ಹಿಡಿಯ ಮೇಲೆ ಕೈ ಇತ್ತು, ಎಳೆಯಲಾಗಲಿಲ್ಲ. ಇನ್ನೊಂದು ಸಲ ತಟ್ಟಿತು. ಊಟದ ವ್ಯಾನಿನವನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿಗೊಟ್ಟಳು.

ತಿರುಗಿ ನೋಡಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಹೊರಗೆ ಮಳೆಯೂ ಇಲ್ಲ, ಏನೂ ಇಲ್ಲ, ಸಂಜೆಯ ಬಿಸಿಲು. ಬಸ್ ಸ್ಟಾಪಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು.

"ಒಳಗಡೆ ಸಿನಿಮಾ ಚೆನ್ನಾಗಿದ್ಯಾ ಅಜ್ಜಿ?" ಎಂದಳು.

"ಚೆನ್ನಾಗಿದೆ."

"ಯಾರು ತೆಗೆದಿದ್ದು?"

"ನನ್ನ ಗಂಡ" ಎಂದಳು ವರ್ನಾ. "ಸ್ವಲ್ಪ ಸರಿ ಆ ಕಡೆ."